ಕ್ರಿಸ್ತನಿಂದ ಪೂರ್ವಕ್ಕೆ ಮುನ್ನೂರು ಮೈಲಿ

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಲೊಕ್ಕನಹಳ್ಳಿಯ ಮೊದಲ ಬಸ್ಸಿನ ಕಂಡಕ್ಟರ್ ರುದ್ರಸ್ವಾಮಿ ಕಂಕುಳಲ್ಲಿ ಪುಸ್ತಕದ ಕಟ್ಟೊಂದನ್ನು ಇರುಕಿಕೊಂಡು, ಡ್ರೈವರ್ ಪಕ್ಕದಲ್ಲಿದ್ದ ವೀಳ್ಯದೆಲೆಯ ಪೆಂಡಿಯನ್ನು ಕಾಲಿನಿಂದ ಸರಿಸುತ್ತಿದ್ದಾರೆ. ಎಲೆ ವ್ಯಾಪಾರಿಗೆ ಸಿಟ್ಟು.

"ಬಾಡೋಯ್ತದೆ ಕಣ್ಲಾ!"

"ನಿನ್ನ ಎಲೆ ಟಾಪ್ ಮ್ಯಾಲೂ ಬತ್ತದೆ. ಇದ್ರೊಳಗೆ ಈಜಿಪ್ಟು ಅದೆ. ನೆಂದ್ರೆ ಯಾರು ಜವಾಬ್ದಾರಿ?"

ಮೇ ತಿಂಗಳ ಬಿಸಿಲಲ್ಲಿ ಈಜಿಪ್ಟು ನೆನೆಯುವುದು ಹೇಗೆಂದು ಯಾರೂ ಕೇಳುವುದಿಲ್ಲ. ಕಂಡಕ್ಟರ್ ಜೊತೆ ವಾದ ಮಾಡಿ ಗೆದ್ದವರು ಯಾರಿದ್ದಾರೆ?

ಕಟ್ಟು ಕಳಿಸುವವರು ಪಟ್ಟಣದ ಚರಿತ್ರೆ ಮೇಷ್ಟ್ರು ಸದಾಶಿವಪ್ಪ. ಏಳನೇ ಕ್ಲಾಸು ಮುಗಿಸಿ ಹೈಸ್ಕೂಲಿಗೆ ಬರುವ ಹಳ್ಳಿ ಮಕ್ಕಳು ಪ್ರಪಂಚದ ಚರಿತ್ರೆ ಎಂದರೆ ಕಣ್ಣು ಕಣ್ಣು ಬಿಡುತ್ತಾರೆ; ಬೇಸಿಗೆ ರಜದಲ್ಲಿ ನಾಲ್ಕು ಪುಸ್ತಕ ಓದಿಕೊಂಡು ಬರಲಿ ಎಂಬುದು ಅವರ ಹಂಬಲ. ತಲುಪಿಸುವವರು ಯಾರು ಎಂದು ಅವರು ಯೋಚಿಸುತ್ತಿದ್ದಾಗ, "ನಾನು ದಿನಾ ಓಯ್ತೀನಲ್ಲ ಸಾ" ಎಂದರು ರುದ್ರಸ್ವಾಮಿ. ಅಂದಿನಿಂದ ಊರೂರಿನ ನಿಲ್ದಾಣದಲ್ಲಿ ಓದಿದ್ದನ್ನು ಇಸಕೊಂಡು ಹೊಸದನ್ನು ಕೊಡುವುದು ಅವರ ಪಾಲಿನ ಕೆಲಸ.

ಮಗ್ಗದ ಮನೆತನದ ರುದ್ರಸ್ವಾಮಿ ಓದಿದ್ದು ನಾಲ್ಕನೇ ಕ್ಲಾಸು, ಅದೂ ಈ ಸೀಮೆ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ. ಮೈಸೂರಿಗೆ ಸೇರಿ ಹತ್ತು ವರ್ಷ ದಾಟಿದರೂ ಅವರಿಗೆ ಆ ಗೊಂದಲ ಬಿಟ್ಟಿಲ್ಲ. "ಉಟ್ಟಿದ್ದು ಮದ್ರಾಸು, ಕೆಲ್ಸ ಮೈಸೂರು. ನಾನು ಮಾತ್ರ ಕುಂತ ಜಾಗ ಬುಟ್ಟು ಕದಲ್ಲಿಲ್ಲ. ಎಂಗಾಯ್ತು ಇದು?" ಎಂದು ಸಿಕ್ಕವರನ್ನೆಲ್ಲ ಕೇಳುತ್ತಾರೆ.

ಈ ಬೇಸಿಗೆಯ ಎಡವಟ್ಟು ಶುರುವಾದದ್ದು ಲೊಕ್ಕನಹಳ್ಳಿಯಲ್ಲಿ. ಚಿಕ್ಕಮಾದಯ್ಯನ ಮಗಳು ಶಿವರತ್ನಮ್ಮ ಪುಸ್ತಕ ಬಿಡಿಸಿ ಹಿಡಿದು, "ಕಂಡಕ್ಟ್ರಣ್ಣ, ಎಲ್ಲಾ ಕಡೆ ಕ್ರಿ.ಪೂ. ಅಂತ ಅದಲ್ಲ, ಅಂಗಂದ್ರೇನು?" ಎಂದು ಕೇಳಿದಳು. ಪ್ಯಾಸೆಂಜರಿಗೆ ಗೊತ್ತಿಲ್ಲ ಎಂದು ಹೇಳಿ ಅಭ್ಯಾಸವಿಲ್ಲದ ಮನುಷ್ಯ ತಟ್ಟನೆ ಉತ್ತರ ಕೊಟ್ಟರು.

"ಕ್ರಿಸ್ತನಿಂದ ಪೂರ್ವಕ್ಕೆ ಕಣವ್ವ. ಮುನ್ನೂರು ಅಂತಿದ್ರೆ ಅವರೂರಿಂದ ಮುನ್ನೂರು ಮೈಲಿ."

"ಮತ್ತೆ ಕ್ರಿ.ಶ.?"

"ಅದು ಪಶ್ಚಿಮದ ಪ. ಅಚ್ಚಿನೋರು ತಪ್ಪಿ ಶ ಮಾಡವ್ರೆ. ರೈಟ್!"

ಬಸ್ಸು ಹೊರಟಿತು. ಹುಡುಗಿ ಭೂಪಟ ಹರಡಿಕೊಂಡು ಕೂತಳು. ಗ್ರೀಸಿನ ಕಥೆಯ ತುಂಬ ಕ್ರಿ.ಪೂ., ಆದರೆ ಗ್ರೀಸು ಕೂತಿರುವುದು ಕ್ರಿಸ್ತನ ಊರಿನ ಪಶ್ಚಿಮಕ್ಕೆ. ಪುಸ್ತಕ ತಪ್ಪೋ, ಭೂಪಟ ತಪ್ಪೋ, ತನ್ನ ತಲೆಯೇ ಸರಿಯಿಲ್ಲವೋ ತಿಳಿಯದೆ, "ಗ್ರೀಸು ಆ ಕಡೆಗದೆ, ಕೂಡ್ತಾ ಇಲ್ಲ" ಎಂದು ಅಪ್ಪನ ಮುಂದೆ ಅತ್ತೇಬಿಟ್ಟಳು. ಮಗಳನ್ನು ಹೈಸ್ಕೂಲಿಗೆ ಕಳಿಸಲು ಮೊದಲೇ ಅನುಮಾನಿಸುತ್ತಿದ್ದ ಚಿಕ್ಕಮಾದಯ್ಯನಿಗೆ ಅಷ್ಟೇ ಸಾಕಾಯಿತು. "ಮನೇಲಿ ಅರ್ಥ ಆಗ್ದೇ ಇದ್ದದ್ದು ಅಷ್ಟು ದೂರ ಓಗಿ ಕುಂತ್ರೆ ಆಯ್ತದಾ? ಐಸ್ಕೂಲು ಬ್ಯಾಡ, ಬುಡು" ಎಂದು ಮಗಳ ಪುಸ್ತಕವನ್ನು ಮರುದಿನದ ಬಸ್ಸಿಗೇ ವಾಪಸು ಹಾಕಿದ.

ರುದ್ರಸ್ವಾಮಿ ಆ ಪುಸ್ತಕವನ್ನು ಕಟ್ಟಿಗೆ ಸೇರಿಸದೆ ಕಂಕುಳಲ್ಲೇ ಇಟ್ಟುಕೊಂಡರು. ಸಂಜೆ ನೇರ ಮೇಷ್ಟ್ರ ಮನೆಗೆ ಹೋದರು. ಸದಾಶಿವಪ್ಪ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಇಲ್ಲಿ ಪೂರ್ವ ಅಂದ್ರೆ ದಿಕ್ಕಲ್ಲ ಕಣಯ್ಯ, ಮೊದಲು ಅಂತ. ಮೈಲಿಯಲ್ಲ, ವರ್ಷ."

"ವರ್ಷ ಆದ್ರೆ ಮುನ್ನೂರಾದ ಮ್ಯಾಲೆ ಮುನ್ನೂರೊಂದು ಬರ್ಬೇಕಲ್ಲ ಸಾ? ಇಲ್ಲಿ ಕಮ್ಮಿ ಆಯ್ತಾ ಬತ್ತದೆ!"

"ಹತ್ತಿರ ಬಂದ ಹಾಗೆ ಕಡಿಮೆಯಾಗುತ್ತೆ, ನಿಮ್ಮ ಮೈಲಿಗಲ್ಲಿನ ಹಾಗೆ."

"ಅಂಗಾದ್ರೆ ಮೈಲಿನೇ ಆಯ್ತಲ್ಲ ಸಾ?"

ಮೇಷ್ಟ್ರು ಕಾಗದದ ಮೇಲೆ ಗೆರೆ ಎಳೆದು ಮೊದಲಿಂದ ವಿವರಿಸಿದರು. ರುದ್ರಸ್ವಾಮಿ ಹೋಗುವಾಗ ಇದ್ದುದಕ್ಕಿಂತ ಹೆಚ್ಚು ಗೊಂದಲದಲ್ಲಿ ಹೊರಬಂದರು. ಆದರೆ ತಮ್ಮ ಬಾಯಿಂದ ಒಂದು ಮಗುವಿನ ಓದು ನಿಲ್ಲುತ್ತಿದೆ ಎಂಬುದು ಮಾತ್ರ ಅವರಿಗೆ ಸ್ಪಷ್ಟವಾಗಿತ್ತು.

ಹಾಗಾಗಿ ಈ ಬೆಳಗ್ಗೆ ಲೊಕ್ಕನಹಳ್ಳಿಯಲ್ಲಿ ಅವರು ಸೀಟಿ ಊದುವುದಿಲ್ಲ. ಇಳಿದು, ನಿಲ್ದಾಣದ ಎದುರಿನ ಮನೆಯ ಜಗಲಿಯಲ್ಲಿ ಕೂತಿದ್ದ ಚಿಕ್ಕಮಾದಯ್ಯನ ಮುಂದೆ ನಿಲ್ಲುತ್ತಾರೆ. ಮೆಲ್ಲಗೆ ಹೇಳಬೇಕೆಂದೇ ಇದ್ದರೂ ಟಿಕೆಟ್ ಕೂಗಿ ಪಳಗಿದ ಗಂಟಲು ಕೇಳಬೇಕಲ್ಲ.

"ತಪ್ಪು ನಂದು, ಮಗೀದಲ್ಲ! ಪೂರ್ವ ಅಂದ್ರೆ ದಿಕ್ಕಲ್ಲ, ಮೊದ್ಲು ಅಂತ!"

ಬಸ್ಸಿಗೆ ಬಸ್ಸೇ ನಗುತ್ತದೆ. ನಾಚಿಕೆಯಿಂದ ರುದ್ರಸ್ವಾಮಿ ಚೀಲದ ಪಟ್ಟಿ ಹಿಡಿದು ತಿರುಚುತ್ತಾರೆ. ಒಳಗಿನಿಂದ ಶಿವರತ್ನಮ್ಮ ಓಡಿಬರುತ್ತಾಳೆ. "ನೋಡಪ್ಪಾ! ಗ್ರೀಸು ಆ ಕಡೆಗದೆ, ಇವ್ರು ಯೋಳಿದ್ದು ಕೂಡ್ತಾ ಇಲ್ಲ ಅಂತ ನಾನು ಅವತ್ತೇ ಅನ್ನಲಿಲ್ವಾ?"

ಚಿಕ್ಕಮಾದಯ್ಯ ಜಗಲಿಯಿಂದ ಎದ್ದು ಬರುತ್ತಾನೆ. "ಅಂಗಾರೆ ಇವ್ಳಿಗೆ ಅರ್ಥ ಆಗಿತ್ತು ಅನ್ನಿ?"

"ನನಗಿಂತ ಮೊದ್ಲೇ ಆಗಿತ್ತು ಕಣ್ರಿ."

"ಐಸ್ಕೂಲು ಸುರುವಾದ ದಿನ ಮುಂದ್ಗಡೆ ಒಂದು ಸೀಟು ಮಡಗಿ. ಕರ್ಕಬತ್ತೀನಿ."

ವಾಪಸು ಬರುವಾಗ ರುದ್ರಸ್ವಾಮಿಯವರ ಮುಖ ಅರಳಿದೆ, ಹಣೆಯ ಗಂಟು ಮಾತ್ರ ಸಡಿಲವಾಗಿಲ್ಲ. "ಕ್ರಿಸ್ತನ ಆ ಕಡೆ ವರ್ಸ ಕಮ್ಮಿ ಆಯ್ತಾ ಆಯ್ತಾ ಒಂದಕ್ಕೆ ಬತ್ತದಂತೆ, ಈ ಕಡೆನೂ ಒಂದರಿಂದ್ಲೇ ಸುರುವಂತೆ. ನಡುವೆ ಸೊನ್ನೆ ಇಲ್ವಂತೆ ಕಣ್ರಿ. ಸೊನ್ನೆ ಇಲ್ದೆ ಬಸ್ಸು ಎಲ್ಲಿಂದ ಒರಡ್ತದೆ? ಮೇಷ್ಟ್ರು ಯೋಳುದ್ರು, ನನ್ನ ತಲೆಗೆ ಓಗ್ಲಿಲ್ಲ. ಓದಿ ಯೋಳ್ತೀನಿ ಅಂದವ್ಳೆ ಶಿವರತ್ನ" ಎಂದು ಪಕ್ಕದ ಪ್ಯಾಸೆಂಜರಿಗೆ ಹೇಳುತ್ತಾರೆ. ಮುಂದಿನ ನಿಲ್ದಾಣಕ್ಕೆ ಎದ್ದು ನಿಂತು, ಬಾಗಿಲ ಸರಳು ಹಿಡಿದು ನಗುತ್ತಾರೆ. "ಇಷ್ಟು ವರ್ಸ ಈ ರೂಟಲ್ಲಿ ನಾನು ಯೋಳಿದ್ದೇ ಸರಿ ಅಂತಿದ್ರು. ಇನ್ಮ್ಯಾಲೆ ತಪ್ಪು ಅನ್ನಕ್ಕೆ ಒಬ್ಳು ಅವ್ಳೆ."