ಏರಿದ ಹ್ಯಾಂಡಲ್, ತಿರುಗದ ಗಾಲಿ

ಎಂಬತ್ತರ ದಶಕದ ಮೊದಲ ವರ್ಷಗಳು. ನಾನಿನ್ನೂ ಹೈಸ್ಕೂಲು ಹುಡುಗಿ. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ ಅಪ್ಪ ಸೊಂಟ ಹಿಡಿದುಕೊಂಡು ಕೆಲವು ವಾರಗಳಿಂದ ಮನೆಯಲ್ಲೇ ಇದ್ದರು. ಸೋಮವಾರ ಸೈಕಲ್ಲಿನಲ್ಲೇ ಡ್ಯೂಟಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದರು. ಆಗದು ಎಂದರೆ ಲೇತನ್ನು ಬೇರೆಯವರಿಗೆ ಕೊಟ್ಟು ತಮ್ಮನ್ನು ಸ್ಟೋರ್ಸಿನಲ್ಲಿ ಕೂರಿಸುತ್ತಾರೆಂಬ ಭಯ. ಹ್ಯಾಂಡಲ್ ತಗ್ಗು, ಬಗ್ಗಿ ಬಗ್ಗಿ ತುಳಿದೇ ಹೀಗಾಯಿತು ಎಂದು ತೀರ್ಮಾನಿಸಿದ್ದರು.

"ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಳಂತೆ" ಎಂದು ಅಕ್ಕಿ ಆರಿಸುತ್ತಲೇ ಅಮ್ಮ ಚುಚ್ಚಿದಳು. ಸೈಕಲ್ ಶಾಪಿಗೆ ಕೊಡಿ ಎಂದೂ ಹೇಳಿದಳು. ಆದರೆ ನಮ್ಮ ಸಾಲಿನ ಮನೆಗಳಲ್ಲೆಲ್ಲ ಫ್ಯಾಕ್ಟರಿಯವರೇ. ಒಂದು ನಟ್ಟು ತಿರುಗಿಸಲು ಶಾಪಿಗೆ ಹೋದರೆ ಮರ್ಯಾದೆ ಉಳಿಯುತ್ತದೆಯೇ?

ಭಾನುವಾರ ಬೆಳಿಗ್ಗೆ ನಾನು ಮುಂದಿನ ಗಾಲಿಯನ್ನು ಮೊಣಕಾಲುಗಳ ನಡುವೆ ಅದುಮಿ ಹಿಡಿದೆ. ಅಪ್ಪ ಹ್ಯಾಂಡಲ್ಲಿನ ನಡುವಿನ ಬೋಲ್ಟ್ ಸಡಿಲಿಸಿದರು. ಬೋಲ್ಟ್ ಮೇಲೆದ್ದಿತು, ಹ್ಯಾಂಡಲ್ ಮಾತ್ರ ಅಲ್ಲಾಡಲಿಲ್ಲ. ಸಿಟ್ಟಿಗೆ ಬೋಲ್ಟಿನ ತಲೆಯ ಮೇಲೆ ಸುತ್ತಿಗೆಯಿಂದ ಕುಟ್ಟಿದರೆ, ಒಳಗೇನೋ ಕಳಚಿದ ಸದ್ದಾಗಿ ಹ್ಯಾಂಡಲ್ ಸಡಿಲವಾಯಿತು. ಹೇಗೆಂದು ಇಬ್ಬರಿಗೂ ತಿಳಿಯಲಿಲ್ಲ. ಬಲವಾಗಿ ಜಗ್ಗಿದರೂ ಒಂದು ಬೆರಳಿನಷ್ಟು ಮಾತ್ರ ಮೇಲೆ ಬಂತು.

ಈಗ ಗಾಲಿಗಳು ತಿರುಗವು. ಹ್ಯಾಂಡಲ್ ಮುಟ್ಟಿದರೆ ಹಿಂದಿನ ಗಾಲಿಗೇನು ಕಷ್ಟ? ಇಳಿಸಿದರೆ ಎರಡೂ ತಿರುಗುತ್ತವೆ, ಏರಿಸಿದರೆ ಎರಡೂ ನಿಲ್ಲುತ್ತವೆ. ಅಪ್ಪ ಬೇರಿಂಗ್ ಎಂದರು, ನಾನು ದೆವ್ವ ಎಂದೆ. ತಲೆ ಕೆಟ್ಟು ಕುಕ್ಕರುಗಾಲಲ್ಲಿ ಕೂತು ನೋಡಿದರೆ ಬ್ರೇಕಿನ ರಬ್ಬರು ರಿಮ್ಮಿಗೆ ಅಂಟಿಕೊಂಡಿದೆ. ಬ್ರೇಕನ್ನು ಎಳೆಯುವ ಕಬ್ಬಿಣದ ಕಂಬಿಗಳು ಹ್ಯಾಂಡಲ್ಲಿಗೇ ಸೇರಿದ್ದವಲ್ಲ, ಅದರ ಜೊತೆ ಅವೂ ಮೇಲೆದ್ದಿದ್ದವು. ಕಂಬಿಗಳ ಸ್ಕ್ರೂ ಸಡಿಲಿಸಿದ ಮೇಲೆ ಹ್ಯಾಂಡಲ್ ಬೇಕಾದಷ್ಟು ಏರಿತು. ಎಲ್ಲವನ್ನೂ ಮತ್ತೆ ಬಿಗಿ ಮಾಡಿದೆವು.

ಅಪ್ಪ ನೆಟ್ಟಗೆ ಕೂತು ರಸ್ತೆಯ ತಿರುವಿನವರೆಗೂ ಹೋದರು. ನನಗೆ ಎಲ್ಲಿಲ್ಲದ ಖುಷಿ. ಬರುವಾಗ ಸೈಕಲ್ ತಳ್ಳಿಕೊಂಡು ಬಂದರು. ಮತ್ತೇನು ಕೆಟ್ಟಿತೋ ಎಂದು ಗಾಲಿ ತಿರುಗಿಸಿದೆ, ಸಲೀಸಾಗಿ ತಿರುಗಿತು. ಬ್ರೇಕೂ ಸರಿಯಿತ್ತು. ಏನೊಂದೂ ಅರ್ಥವಾಗದೆ, ಇನ್ನೂ ಸ್ವಲ್ಪ ಏರಿಸೋಣವೇ ಎಂದು ಸ್ಪ್ಯಾನರ್ ಎತ್ತಿಕೊಂಡೆ.

ಅಪ್ಪ ಒಂದು ಕೈ ಸೊಂಟದ ಮೇಲಿಟ್ಟು, ಗೋಡೆ ಹಿಡಿದು ನಿಂತಿದ್ದರು.

"ಹ್ಯಾಂಡಲ್ ಬಿಡು ಕಣಮ್ಮ" ಎಂದರು. "ಸೀಟು ಇಳ್ಸು. ನಿನ್ ಕಾಲು ಎಟುಕೋ ಹಾಗೆ."