ಕಾಕುವಿನ ಅಂಗೈಯ ಕಾಳು

ನನಗಾಗ ಇಪ್ಪತ್ತೆಂಟು. ನಲವತ್ತು ವರ್ಷದ ಹಿಂದಿನ ಮಾತು. ಮೊನ್ನೆ ಹಿತ್ತಲ ಬೇಲಿಗೆಂದು ಹಸಿ ಜಾಲಿ ಕಡಿದು ತಂದು ಹಾಕಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು. ಕಾಣದ ಕಣ್ಣಿಗೂ ಅಂಜಿಕೆ ಇರುತ್ತದೆ.

ಅವತ್ತೂ ಇಂಥದೇ ಬೇಲಿ ಕೆಲಸ. ಜಗ್ಗಿದ ಟೊಂಗೆ ಕೈಜಾರಿ ವಾಪಸು ಬಡಿಯಿತು. ಮುಳ್ಳು ಎಡಗಣ್ಣಿನ ಕರಿಗುಡ್ಡೆಯಲ್ಲಿ ನಟ್ಟು ಮುರಿಯಿತು. ನಾನು ಚಿಕ್ಕಮ್ಮನಂತೆ ಕಾಕು ಎಂದು ಕರೆಯುತ್ತಿದ್ದ ಬಾಜೂ ಮನೆಯಾಕೆಯ ಕಡೆ ಓಡಿದೆ. ಮೂಡಲಗಿ ಹತ್ತಿರದ ನಮ್ಮೂರಲ್ಲಿ ಯಾರ ಕಣ್ಣಲ್ಲಿ ಕಸ ಬಿದ್ದರೂ ಅವಳೇ ನಾಲಿಗೆಯ ತುದಿಯಿಂದ ತೆಗೆಯುತ್ತಿದ್ದಳು.

ರೆಪ್ಪೆ ಬಿಡಿಸಿ ನೋಡಿದಳು. ನಾಲಿಗೆ ಚಾಚಲು ತೆರೆದ ಬಾಯಿ ಮುಚ್ಚಿದಳು.

"ಕಿತ್ತ ಬಿಡ ಬೇ ಕಾಕು, ತಡಕೊಳ್ಳಾಕ ಆಗವಲ್ದು."

"ಸುಮ್ನ ಕುಂದ್ರ. ಕಣ್ಣಿಗೆ ಕೈ ಹಚ್ಚಿದ್ರ ಕೈ ಮುರೀತೇನಿ."

ಕಣ್ಣು ಒತ್ತದಂತೆ ಒಂದು ಬಟ್ಟಲು ಬೋರಲು ಇಟ್ಟು ಸೀರೆಯ ಚೂರಿನಿಂದ ಕಟ್ಟಿದಳು. ಗೋಕಾಕದ ಬಸ್ಸಿನಲ್ಲಿ ನನ್ನ ಎರಡೂ ಕೈ ಹಿಡಿದೇ ಕೂತಿದ್ದಳು. ಹಿಂದೆ ಹುಕ್ಕೇರಿಯ ತವರಿನಲ್ಲಿ ತನ್ನ ತಮ್ಮನ ಕಣ್ಣಿನ ಮುಳ್ಳನ್ನು ತಾನೇ ಕಿತ್ತಿದ್ದಳಂತೆ. "ನೀರ ಬಂತು. ಬೆಚ್ಚಗಿತ್ತು. ಆಮ್ಯಾಲ ಕಣ್ಣ ಒಳಗ ಕುಸೀತು..." ಅಷ್ಟಂದು ನನ್ನ ಕೈ ಇನ್ನೂ ಬಿಗಿಯಾಗಿ ಹಿಡಿದಳು.

ಡಾಕ್ಟರು ಮುಳ್ಳು ತೆಗೆದು, ಕೂದಲಿಗಿಂತ ಸಣ್ಣ ದಾರದಿಂದ ಹೊಲಿದರು. "ನೋಡವ್ವಾ, ಈ ಗಾಜಿನಂಥ ಪದರಿನಾಗ ರಕ್ತ ಹರಿಯೂದಿಲ್ಲ. ಕೂಡಾಕ ತಿಂಗಳಗಟ್ಟಲೆ ಬೇಕು. ಕೂಡಿದ ಮ್ಯಾಲೂ ಗಾಯದ ಕಲಿ ಬೆಳ್ಳಗ ಉಳೀತೈತಿ" ಎಂದರು. ಇನ್ನೊಂದು ಮಾತನ್ನೂ ಹೇಳಿದರು. ಪೆಟ್ಟಾದ ಕಣ್ಣಿನ ದೆಸೆಯಿಂದ ಅಪರೂಪಕ್ಕೆ ಚಲೋ ಕಣ್ಣೂ ಕೆಡುತ್ತದೆ, ವರ್ಷಗಳ ಮೇಲೂ ಕೆಡಬಹುದು, ಮಂಜಾದರೆ ಅವತ್ತೇ ಓಡಿ ಬರಬೇಕು.

ನೋವು ಹೋಯಿತು, ಕೆಂಪು ಹೋಯಿತು, ಹೊಲಿಗೆ ಬಿಚ್ಚಿದರು. ಕಣ್ಣಿಗೆ ನೋಟ ಬರಲಿಲ್ಲ, ಕಲೆಯ ಬಿಳಿ ಹೂ ಉಳಿಯಿತು. ಅದು ಕರಗಲೆಂದು ಬಾಣಂತಿಯ ಹಾಲು, ಉಳ್ಳಾಗಡ್ಡಿ ರಸ ತಂದವರನ್ನು ಕಾಕು ಹೊಸಿಲು ದಾಟಗೊಡಲಿಲ್ಲ. "ಮೊದ್ಲ ನಿಮ್ಮ ಕಣ್ಣಿಗೆ ಹಾಕ್ಕೋರಿ." ಆದರೆ ಚಲೋ ಕಣ್ಣೂ ಕೆಟ್ಟೀತೆಂಬ ಡಾಕ್ಟರ ಮಾತು ನನ್ನನ್ನು ಬಿಡಲಿಲ್ಲ. ಮುಂಜಾನೆ ಕಣ್ಣು ಬಿಡಲಿಕ್ಕೇ ಅಂಜುತ್ತಿದ್ದೆ.

ಅದಕ್ಕೇ ಕಾಕು ದಿನಾ ಮುಂಜಾನೆ ಹಿತ್ತಲ ಗೋಡೆಯಾಚೆ ನಿಂತು ಅಂಗೈ ಚಾಚುತ್ತಿದ್ದಳು. ಎಡಗಣ್ಣು ಮುಚ್ಚಿಕೊಂಡು ಚಲೋ ಕಣ್ಣಿಂದ ನೋಡಿ, ಅದರಲ್ಲಿರುವ ಕಾಳು ಯಾವುದೆಂದು ನಾನು ಹೇಳಬೇಕು, ಕಡಲೆಯೋ, ಹೆಸರೋ, ತೊಗರಿಯೋ. ಒಂದು ದಿನ ಅಂಗೈಯಲ್ಲಿ ಏನೂ ಕಾಣಲಿಲ್ಲ. ಕಣ್ಣು ಹೋಯಿತೆಂದೇ ತಿಳಿದು "ತೊಗರಿ" ಅಂದುಬಿಟ್ಟೆ.

"ಬರಿಗೈ ಅದು, ಹುಚ್ಚಿ. ಕಾಣಲಿಲ್ಲಂದ್ರ ಕಾಣಲಿಲ್ಲ ಅನ್ನ. ಮುಚ್ಚಿಟ್ಟಿ ಅಂದ್ರ ಕಣ್ಣ ಕಳಕೊಳ್ತಿ."

ಆಮೇಲೆ ನಾನು ಸುಳ್ಳು ಹೇಳಲಿಲ್ಲ. ನಲವತ್ತು ವರ್ಷ ಅವಳೂ ಕೇಳುವುದು ಬಿಡಲಿಲ್ಲ. ಕಡೆಗೆ ಅವಳ ಕಣ್ಣೇ ಮಬ್ಬಾಗಿ, ಕೈಯಲ್ಲಿರುವ ಕಾಳು ಯಾವುದೆಂದು ಅವಳಿಗೂ ಗೊತ್ತಿರುತ್ತಿರಲಿಲ್ಲ...

ಹೋದ ತಿಂಗಳು ಕಾಕು ತೀರಿಕೊಂಡಳು. ಮಣ್ಣು ಮಾಡಿ ಬಂದೆವು. ಇನ್ನು ಕೇಳುವವರಿಲ್ಲ, ಅಂಜಿಕೆ ಮಾತ್ರ ಹಾಗೇ ಇದೆ. ಮರುದಿನ ಮುಂಜಾನೆ ಎದ್ದು, ಎರಡೂ ಕಣ್ಣು ಮುಚ್ಚಿಕೊಂಡೇ ಕಾಳಿನ ಡಬ್ಬಿಯೊಂದಕ್ಕೆ ಕೈ ಹಾಕಿದೆ. ನೋಡುವ ಮೊದಲೇ ಬೆರಳಿಗೆ ತಿಳಿಯಿತು, ತೊಗರಿ. ಆದರೂ ಗೋಡೆಯ ತನಕ ಹೋಗಿ, ಎಡಗಣ್ಣು ಮುಚ್ಚಿ, ಅಂಗೈ ಬಿಚ್ಚಿ ನೋಡಿದೆ.