ಬೋಣಿಯ ಮತ

ನಮ್ಮ ಹೋಟೆಲಿನಲ್ಲಿ ಪುರಸಭೆಯ ಸದಸ್ಯರಿಗೆ ಪುಕ್ಕಟೆ ಚಹಾ ಇಲ್ಲ. ಈ ಕಾನೂನು ಮಾಡಿದ್ದು ನಾನಲ್ಲ, ನನ್ನ ಹೆಂಡತಿ. ಮೊದಲ ಸಲ ಅವಳು ವಾರ್ಡಿನಿಂದ ಗೆದ್ದಾಗ ಉಳಿದ ಸದಸ್ಯರು ಅಭಿನಂದನೆ ಹೇಳಲಿಕ್ಕೆ ಬಂದರು. ಬನ್ಸು ತಿಂದು, ಚಹಾ ಕುಡಿದು, ಕೈ ಬೀಸಿ ಹೊರಟರು. ಇವಳು ಗಲ್ಲಾದ ಹತ್ತಿರ ನಿಂತು, "ಬಿಲ್ಲು ಇಲ್ಲಿ ಕೊಡ್ಬೇಕು" ಅಂದಳು. ಆ ಕ್ಷಣ ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಅವಳದು ಹಾಗಲ್ಲ. ತೋಡಾರಿನ ಹೆಣ್ಣು, ಮಾತು ಕಡಿಮೆ, ಆಡಿದರೆ ತಿರುಗಿ ನೋಡುವ ಅಭ್ಯಾಸ ಇಲ್ಲ. ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಇಷ್ಟು ವರ್ಷ ಹೇಗೆ ಕಳೆದೆವೋ ಆ ದೇವರಿಗೇ ಗೊತ್ತು.

ಬಂಟ್ವಾಳಕ್ಕೆ ಹೋಗುವ ಬಸ್ಸು, ಬೆಳ್ತಂಗಡಿಯ ಬಸ್ಸು, ಮೂಡುಬಿದಿರೆಯ ಬಸ್ಸು, ಎಲ್ಲವೂ ನಮ್ಮ ಹೋಟೆಲಿನ ಎದುರಿನಿಂದಲೇ ಹಾಯುತ್ತವೆ. ಆದರೆ ಒಂದೂ ನಿಲ್ಲುವುದಿಲ್ಲ. ನಿಲ್ದಾಣ ಇರುವುದು ಆಚೆ, ಅಂಚೆ ಕಚೇರಿಯ ಪಕ್ಕದಲ್ಲಿ. ಅದನ್ನು ನಮ್ಮ ಎದುರಿಗೆ ತರಬೇಕೆಂದು ಪುರಸಭೆಯಲ್ಲಿ ಒಂದು ವಿಷಯ ಬಂತು. ಸತ್ಯವಾಗಿ ಹೇಳುತ್ತೇನೆ, ಅದನ್ನು ತಂದದ್ದು ನಾವಲ್ಲ, ಶಾಲೆಯ ಮಕ್ಕಳಿಗೆ ಅನುಕೂಲ ಅಂತ ಬೇರೆ ಯಾರೋ ತಂದದ್ದು. ನಾನು ಮಾತ್ರ ಮನಸ್ಸಿನಲ್ಲೇ ಇನ್ನೆರಡು ಮೇಜು ಹಾಕಿಯೂ ಆಗಿತ್ತು.

ಮತಕ್ಕೆ ಹಾಕುವ ಹೊತ್ತಿಗೆ ಇವಳು ಎದ್ದು ನಿಂತಳಂತೆ. "ಆ ಜಾಗದ ಎದುರಿನ ಹೋಟೆಲು ನಮ್ಮದು. ಇದರಲ್ಲಿ ನಾನು ಮಾತಾಡುವುದೂ ಸರಿಯಲ್ಲ, ಕೈ ಎತ್ತುವುದೂ ಸರಿಯಲ್ಲ" ಅಂತ ಹೇಳಿ ಸಭೆಯಿಂದ ಹೊರಗೆ ಬಂದಳಂತೆ. ಆ ಒಂದು ಮತ ಕಡಿಮೆಯಾಗಿ ವಿಷಯ ಬಿದ್ದು ಹೋಯಿತು.

ಪೇಟೆಯಲ್ಲಿ ನನ್ನನ್ನು ಗೋಳು ಹೊಯ್ದುಕೊಂಡವರಿಗೆ ಲೆಕ್ಕವಿಲ್ಲ. ಅವರಲ್ಲಿ ಮುಂದಾಳು ರಸ್ತೆಯಾಚೆಯ ಕಾಂಪ್ಲೆಕ್ಸಿನ ಯಜಮಾನ, ಪೇಟೆಯವರ ಬಾಯಲ್ಲಿ ಧನಿ. ನಮ್ಮಲ್ಲೇ ಕೂತು ನಮ್ಮದೇ ಬನ್ಸು ಮುರಿಯುತ್ತಾ, "ನಾನಾದ್ರೆ ಕುರ್ಚಿಗೆ ಅಂಟಿ ಕೂರ್ತಿದ್ದೆ ಮಾರಾಯ್ರೆ. ಮನೆಗೆ ಬರುವ ಲಕ್ಷ್ಮಿಯನ್ನು ಅಕ್ಕ ಬಾಗಿಲಲ್ಲೇ ನಿಲ್ಲಿಸಿದ್ರಲ್ಲ!" ಅಂದ. ಎಲ್ಲರೂ ನಕ್ಕರು. ನಾನು ಒಳಗೆ ಹೋಗಿ ದೋಸೆಕಲ್ಲಿನ ಮೇಲೆ ಸಿಟ್ಟು ತೀರಿಸಿದೆ.

ಮುಂದಿನ ಚುನಾವಣೆಯಲ್ಲಿ ಇವಳ ಎದುರು ನಿಂತದ್ದು ಅದೇ ಧನಿ. ಕಣದಲ್ಲಿದ್ದದ್ದು ಇಬ್ಬರೇ, ವಾರ್ಡಿಗೆ ಇದ್ದದ್ದು ಒಂದೇ ಬೂತ್. ಇವಳ ಕಡೆಯಿಂದ ಬೂತಿನ ಏಜೆಂಟ್ ನಾನು, ಧನಿಯ ಕಡೆಯಿಂದ ಅವನ ಅಣ್ಣ.

ಮತದಾನ ಶುರುವಾಗುವ ಮೊದಲು ಬೆಳಿಗ್ಗೆ ಒಂದು ಕ್ರಮ ಉಂಟು. ಏಜೆಂಟರ ಎದುರಿಗೇ ಮೆಷಿನಿನಲ್ಲಿ ಅಣಕು ಮತ ಹಾಕಿ, ಒತ್ತಿದ್ದು ಯಾರಿಗೋ ಬಿದ್ದದ್ದೂ ಅವರಿಗೇ ಎಂದು ತೋರಿಸುತ್ತಾರೆ. ಆಮೇಲೆ ಕ್ಲಿಯರ್ ಬಟನ್ ಒತ್ತಿ ಅದನ್ನೆಲ್ಲ ಅಳಿಸಿ, ಸೀಲು ಹಾಕಿ, ನಿಜವಾದ ಮತದಾನ ಶುರುಮಾಡುತ್ತಾರೆ. ಪೇಟೆಯಲ್ಲಿ ಮೆಷಿನಿನ ಬಗ್ಗೆ ಏನೇನೋ ಸುದ್ದಿ ಹಬ್ಬಿತ್ತು. ಯಾವ ಬಟನ್ ಒತ್ತಿದರೂ ಮತ ಒಬ್ಬರಿಗೇ ಹೋಗುತ್ತದಂತೆ, ಮೊಬೈಲಿನಿಂದಲೇ ತಿರುಗಿಸುತ್ತಾರಂತೆ. ಹಾಗಾಗಿ ಇಬ್ಬರೂ ಏಜೆಂಟರು ಕಣ್ಣಲ್ಲಿ ಕಣ್ಣಿಟ್ಟು ಕೂತಿದ್ದೆವು.

ಬೂತಿನ ಅಧಿಕಾರಿ ಬೆಳ್ತಂಗಡಿ ಕಡೆಯ ಹೈಸ್ಕೂಲಿನ ಮೇಷ್ಟರು. ಪಾಪ, ಹಿಂದಿನ ದಿನವೇ ಬಂದು ಶಾಲೆಯ ಬೆಂಚಿನ ಮೇಲೆ ಮಲಗಿದ್ದರು. ಹೋಟೆಲಿನವನಿಗೆ ಹಸಿದ ಮುಖ ದೂರದಿಂದಲೇ ತಿಳಿಯುತ್ತದೆ. ಹೆಂಡತಿಗೆ ಹೇಳದೆ ಒಂದು ದೊಡ್ಡ ಫ್ಲಾಸ್ಕು ಚಹಾ, ಬಿಸಿ ಗೋಳಿಬಜೆ ಕಟ್ಟಿಕೊಂಡು ಹೋಗಿದ್ದೆ. "ಇದೆಲ್ಲ ಬೇಡ ಮಾರಾಯ್ರೆ, ಕ್ರಮ ಅಲ್ಲ" ಅಂದರು ಮೇಷ್ಟರು. "ಚಹಾಕ್ಕೆ ಯಾವ ಪಾರ್ಟಿ ಸಾರ್?" ಅಂದೆ. ಧನಿಯ ಅಣ್ಣನೇ ಮೊದಲು ಕೈ ಹಾಕಿದ.

ಅಣಕು ಮತದಲ್ಲಿ ಮೊದಲ ಸರದಿ ನನ್ನದು. ಅಂಗಡಿ ಇಟ್ಟವನಿಗೆ ಬೋಣಿಯ ಮೇಲೆ ಎಷ್ಟು ನಂಬಿಕೆ ಎಂದು ಅಂಗಡಿ ಇಟ್ಟವನಿಗೇ ಗೊತ್ತು. ದಿನದ ಮೊದಲ ವ್ಯಾಪಾರ ಕೈಗೂಡಿದರೆ ಇಡೀ ದಿನ ನಮ್ಮದು. "ಬೋಣಿ ನಮ್ಮದೇ ಆಗ್ಲಿ" ಅಂತ ಹೆಂಡತಿಯ ಬಟನ್ ಒತ್ತಿದೆ. ಮೆಷಿನ್ ಪೀಂ ಅಂದಿತು. ಆ ಪೀಂ ಕೇಳಿ ನನಗೆ ಖುಷಿ ತಡೆಯಲಿಲ್ಲ. ಆರೇಳು ಸಲ ಒತ್ತಿದೆ. ಧನಿಯ ಅಣ್ಣ ಬಿದ್ದು ಬಿದ್ದು ನಕ್ಕ, "ಸಾಕು ಮಾರಾಯ, ಸುಸ್ತಾದೀತು!" ಅಂದ, ತಾನೂ ತಮ್ಮನ ಬಟನ್ ಒಂದೆರಡು ಸಲ ಒತ್ತಿದ. ಲೆಕ್ಕ ನೋಡಿದೆವು, ಸರಿಯಿತ್ತು. ಅಷ್ಟರಲ್ಲಿ ಗೋಳಿಬಜೆ ತಣಿಯುತ್ತದೆಂದು ಎಲ್ಲರೂ ಅದರ ಹತ್ತಿರ ಸೇರಿದೆವು. ಎಣ್ಣೆ ಕೈ ತೊಳೆದು ಬರುವ ಹೊತ್ತಿಗೆ ಹೊರಗೆ ಸಾಲು ಗದ್ದಲ ಎಬ್ಬಿಸಿತ್ತು. ಗಡಿಬಿಡಿಯಲ್ಲಿ ಮೇಷ್ಟರು ಸೀಲು ಹಾಕಿದರು. ಕ್ಲಿಯರ್ ಒತ್ತಿದ್ದು ಯಾರೂ ನೋಡಲಿಲ್ಲ, ಯಾಕೆಂದರೆ ಯಾರೂ ಒತ್ತಲೇ ಇಲ್ಲ.

ಎಣಿಕೆಯ ದಿನ ಇವಳು ಎರಡೇ ಎರಡು ಮತದಿಂದ ಮುಂದೆ. ನಾನು ಕುಣಿಯಲಿಕ್ಕೆ ಕಾಲೆತ್ತಿದ್ದೆ. ಆಗ ಎಣಿಕೆಯ ಅಧಿಕಾರಿ ಕೈ ಎತ್ತಿ ನಿಲ್ಲಿಸಿದರು. ಮತ ಹಾಕಲು ಬಂದವರಿಗಿಂತ ಮೆಷಿನಿನಲ್ಲಿ ಮತ ಹೆಚ್ಚು!

ಧನಿ ಮೇಜು ಗುದ್ದಿದ. "ಮೆಷಿನೂ ಕಳ್ಳ, ಆ ಮೇಷ್ಟ್ರೂ ಕಳ್ಳ! ಇವರೆಲ್ಲ ಸೇರಿ ತಿರುಗಿಸಿದ್ದು!" ಅಂತ ಸೂರು ಹಾರಿಹೋಗುವ ಹಾಗೆ ಬೊಬ್ಬೆ ಹಾಕಿದ. ಅಧಿಕಾರಿ ಮೇಷ್ಟರಿಗೆ ಫೋನ್ ಮಾಡಿದರೆ ಆಚೆಯಿಂದ ತೊದಲು ಬಿಟ್ಟು ಬೇರೇನೂ ಕೇಳಲಿಲ್ಲ. ನಮ್ಮ ಪಕ್ಷದವರು ಇವಳ ಕಿವಿಯಲ್ಲಿ, "ಸುಮ್ಮನಿರಿ ಅಕ್ಕ. ಮೆಷಿನ್ ಹೇಳಿದ್ದೇ ಲೆಕ್ಕ. ಅವರು ಬೇಕಾದ್ರೆ ಕೋರ್ಟಿಗೆ ಹೋಗ್ಲಿ, ಅಷ್ಟ್ರಲ್ಲಿ ನಿಮ್ಮ ಅವಧಿ ಮುಗೀತದೆ" ಅಂದರು. ಸುಮ್ಮನಿದ್ದರೆ ಕುರ್ಚಿ ಅವಳದು.

ಅವಳು ನನ್ನ ಕಡೆ ತಿರುಗಿದಳು. ಅಷ್ಟೂ ಜನರ ಎದುರು, ಸಾಂಬಾರಿಗೆ ಉಪ್ಪು ಹಾಕಿದಿರಾ ಅಂತ ಕೇಳುವ ಸ್ವರದಲ್ಲೇ ಕೇಳಿದಳು. "ನೋಡಿ, ಮತದಾನದ ದಿನ ಬೆಳಿಗ್ಗೆ ಅಣಕು ಮತದಲ್ಲಿ ನನ್ನ ಬಟನ್ ಎಷ್ಟು ಸಲ ಒತ್ತಿದ್ದು ನೀವು?"

ಪಕ್ಷದವರ ಕಣ್ಣುಗಳು ನನ್ನನ್ನು ತಿನ್ನುತ್ತಿದ್ದವು. ಒಂದು ಸಲ ಅಂದರೆ ಮುಗಿಯಿತು. ಆದರೆ ಆ ಮುಖ ನೋಡಿ ಸುಳ್ಳು ಹೇಳುವ ಗಂಡಸು ಇನ್ನೂ ಹುಟ್ಟಲಿಲ್ಲ. "ಆರೇಳು ಸಲ. ಬೋಣಿ ಅಂತ" ಅಂದೆ. "ಅಳಿಸಿದ್ದು ನೋಡಿದ್ರಾ?" "ಇಲ್ಲ. ಗೋಳಿಬಜೆ ತಿಂತಾ ಇದ್ದೆವು."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಇವಳು ನಗಲಿಲ್ಲ. ಅಧಿಕಾರಿಗೆ ಹೇಳಿದಳು: "ಸರ್, ಮೆಷಿನ್ ಕಳ್ಳ ಅಲ್ಲ, ಮೇಷ್ಟ್ರೂ ಕಳ್ಳ ಅಲ್ಲ. ಹೆಚ್ಚಿರುವುದು ಅಳಿಸದೆ ಉಳಿದ ಅಣಕು ಮತ, ಅದರಲ್ಲಿ ನನಗೆ ಬಿದ್ದದ್ದೇ ಜಾಸ್ತಿ. ನಾನು ಗೆದ್ದಾಗ ಮೆಷಿನ್ ದೇವರು, ಸೋತಾಗ ಕಳ್ಳ, ಹಾಗೆ ಆಗ್ಲಿಕ್ಕಿಲ್ಲ. ಇನ್ನೊಮ್ಮೆ ಮತ ಹಾಕಿಸಿ."

ಧನಿ ಎತ್ತಿದ ಕೈ ಹಾಗೇ ಇಳಿಸಿದ. ಅವನ ಅಣ್ಣನೂ, "ಹೌದು, ಗೋಳಿಬಜೆ ನಾನೂ ತಿಂದೆ" ಅಂತ ಒಪ್ಪಿಕೊಂಡ. ಅಧಿಕಾರಿ ಮೇಲಿನವರಿಗೆ ಬರೆದರು. ಮರುಮತದಾನ ಆಯಿತು. ಮೇಷ್ಟರಿಗೆ ಒಂದು ನೋಟಿಸು ಬಂತಂತೆ, ಅಷ್ಟರಲ್ಲೇ ಮುಗಿಯಿತು. ಈ ಸಲ ಇವಳು ನನ್ನನ್ನು ಏಜೆಂಟ್ ಮಾಡಲಿಲ್ಲ, ನನ್ನ ತಂಗಿಯನ್ನು ಕೂರಿಸಿದಳು. ಚಹಾದ ಫ್ಲಾಸ್ಕನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

ಸೋತಳು. ಹೆಚ್ಚಲ್ಲ, ಸ್ವಲ್ಪದರಲ್ಲಿ. ಹೋಟೆಲಿನಲ್ಲಿ ನಮ್ಮವರೇ ಮೆಷಿನಿಗೆ ಬಯ್ಯಲು ಶುರುಮಾಡಿದರು. ಕೊಕ್ಕಡದಿಂದ ಬಂದಿದ್ದ ನೆಂಟರೊಬ್ಬರು, "ಇದರಲ್ಲಿ ಏನೋ ಉಂಟು" ಅಂದರು. ನನ್ನ ಪಿತ್ತ ನೆತ್ತಿಗೇರಿತು. "ಎಂತದೂ ಇಲ್ಲ! ಅವಳು ಸೋತಳು ಅಂದ್ರೆ ಸೋತಳು. ಅವಳ ಸೋಲು ಅಪ್ಪಟ ಸೋಲು!" ಅಂತ ಕೂಗಿದೆ. ಇಷ್ಟು ಹೆಮ್ಮೆಯಿಂದ ಸೋಲಿನ ಸುದ್ದಿ ಹೇಳಿದ ಗಂಡ ಈ ಮೂರು ತಾಲೂಕಿನಲ್ಲಿ ಬೇರೆ ಯಾರಾದರೂ ಇದ್ದಾನೋ ಇಲ್ಲವೋ.

ಮೊನ್ನೆ ಪುರಸಭೆಯ ಸಭೆಯಿತ್ತು. ಸಭೆ ನಡೆಯುವ ಹೊತ್ತಿಗೇ ಧನಿ ನಮ್ಮ ಹೋಟೆಲಿಗೆ ಬಂದು ಮೂಲೆಯ ಬೆಂಚಿನಲ್ಲಿ ಕೂತ. "ಎಂತ, ಮೀಟಿಂಗು ಮುಗೀತಾ?" ಕೇಳಿದೆ.

"ಮುಗೀಲಿಲ್ಲ. ಬಸ್ಸು ನಿಲ್ದಾಣದ ವಿಷಯ ಪುನಃ ಬಂತು. ಈ ಸಲ ನಮ್ಮ ಕಾಂಪ್ಲೆಕ್ಸಿನ ಎದುರಿಗೆ." ಅವನು ಮೇಜನ್ನು ಬೆರಳಲ್ಲಿ ಉಜ್ಜುತ್ತಿದ್ದ. "ಕೂರಬೇಕೂಂತಲೇ ಹೋದದ್ದು ಮಾರಾಯ್ರೆ. ಆಗ್ಲಿಲ್ಲ. ಎದ್ದು ಹೇಳಿ ಹೊರಗೆ ಬಂದೆ, ಅಕ್ಕ ಬಂದ ಹಾಗೆ. ಒಂದು ಚಹಾ ಕೊಡಿ."

ನಾನು ಅವನೆದುರು ಚಹಾ ಇಟ್ಟು, ಒಳಗೆ ಹೋಗಿ ಸೌತೆ ಹೆಚ್ಚುತ್ತಿದ್ದ ಇವಳಿಗೆ ಹೇಳಿದೆ. ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಹೆಚ್ಚುತ್ತಾ, ಹೊರಗಿನ ಬೆಂಚಿಗೂ ಕೇಳುವಷ್ಟು ಗಟ್ಟಿಯಾಗಿ ಅಂದಳು:

"ಒಳ್ಳೇದು. ಚಹಾದ ದುಡ್ಡು ತಕ್ಕೊಳ್ಳಿ, ಬಿಡಬೇಡಿ. ಅವರೀಗ ಸದಸ್ಯರು."